ಎಡಕ್ಕೆ ಬಿದ್ದ ಹೂವು

ನಮ್ಮ ಮನೆಯಲ್ಲಿ ನಾಳೆಯ ಸುದ್ದಿ ಅಮ್ಮನಿಗೆ ಇವತ್ತೇ ಬರುತ್ತದೆ ಎಂದು ನೆಂಟರೆಲ್ಲ ನಂಬಿದ್ದರು. ಬೆಳಗ್ಗೆ ಅಕ್ಕಿ ತೊಳೆಯುವಾಗ "ಯಾರೋ ಬರೋ ಹಾಗಿದೆ" ಎಂದು ಇನ್ನೊಂದು ಹಿಡಿ ಹೆಚ್ಚಿಗೆ ಹಾಕುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಯಾರಾದರೂ ಬಂದೇ ಬರುತ್ತಿದ್ದರು. ನಮ್ಮ ಮನೆ ಇದ್ದದ್ದು ಮೈಸೂರಿನ ಬಸ್ ಸ್ಟ್ಯಾಂಡಿನ ಹತ್ತಿರ. ಹಳ್ಳಿಗಳಿಂದ ಆಸ್ಪತ್ರೆಗೆ, ಕೋರ್ಟಿಗೆ, ಮದುವೆ ಸೀರೆಗೆ ಎಂದು ಬಂದ ನೆಂಟರಿಗೆಲ್ಲ ಊಟ ನಮ್ಮಲ್ಲೇ. ಯಾರೂ ಬಾರದ ದಿನ ಯಾವುದೆಂದು ಅಮ್ಮ ಮೊದಲೇ ಹೇಳಿದ್ದರೆ ನಾನೂ ಕೈ ಮುಗಿಯುತ್ತಿದ್ದೆ. ಈ ಮಾತನ್ನು ಚಿಕ್ಕವಳಿದ್ದಾಗಲೇ ಹೇಳಿ ತಲೆಗೆ ಮೊಟಕಿಸಿಕೊಂಡಿದ್ದೇನೆ.

ಅಪ್ಪನ ವಿಷಯ ಬಂದಾಗ ಮಾತ್ರ ನಾನೂ ಬಾಯಿ ಬಿಡುತ್ತಿರಲಿಲ್ಲ. ಒಂದು ದಿನ ಬೆಳಗ್ಗೆ ಅಪ್ಪ ಊಟದ ಡಬ್ಬಿಯನ್ನು ಸೈಕಲ್ಲಿಗೆ ಸಿಕ್ಕಿಸಿಕೊಂಡು ಕಾರ್ಖಾನೆಗೆ ಹೋದವರು, ಎದೆನೋವು ಬಂದು ಅಲ್ಲಿಯೇ ತೀರಿಕೊಂಡರು. ಅವತ್ತು ಬೆಳಗಿನಿಂದಲೂ ಅಮ್ಮನ ಬಲಗಣ್ಣು ಅದುರುತ್ತಿತ್ತಂತೆ. ಹೆಂಗಸರಿಗೆ ಬಲಗಣ್ಣು ಅದುರಿದರೆ ಕೇಡು ಎನ್ನುತ್ತಾರೆ. "ಇವತ್ತು ಹೋಗಬೇಡಿ ಅಂದೆ, ಕೇಳಲಿಲ್ಲ" ಎಂದು ಅಮ್ಮ ಬಂದವರಿಗೆಲ್ಲ ಹೇಳಿ ಅತ್ತಳು. ಅಲ್ಲಿಂದ ಮುಂದೆ ಅವಳ ಮಾತಿಗೆ ಎದುರಿಲ್ಲದಂತಾಯಿತು. ಹೆಣ್ಣು ನೋಡುವ ಮುಂಚೆ, ಸೈಟು ಕೊಳ್ಳುವ ಮುಂಚೆ, ಆಪರೇಷನ್ನಿಗೆ ಒಪ್ಪುವ ಮುಂಚೆ ನೆಂಟರು ಬಂದು "ನಿಮಗೇನನ್ನಿಸುತ್ತೆ?" ಎಂದು ಕೇಳಿಕೊಂಡು ಹೋಗುತ್ತಿದ್ದರು. ಎಲ್ಲರಿಗಿಂತ ಹೆಚ್ಚು ನಂಬಿದವನು ನನ್ನ ಅಣ್ಣ.

ನಾನು ಹಾಗೆ ನಂಬುವ ಜಾತಿಯವಳಲ್ಲ. ಮುಂದೆ ಅಮೆರಿಕಕ್ಕೆ ಬಂದ ಮೇಲೆ, ಸ್ಯಾನ್ ಡಿಯಾಗೋದ ರಾಂಚೊ ಬರ್ನಾರ್ಡೊದಲ್ಲಿ ನನ್ನ ಕೆಲಸವೇ ಹೊಸ ಫೋನುಗಳನ್ನು ಕೆಡಿಸಿ ನೋಡುವುದಾಗಿತ್ತು. ಬಿಸಿಯಲ್ಲಿಡು, ಚಳಿಯಲ್ಲಿಡು, ಸೊಂಟದ ಎತ್ತರದಿಂದ ಬೀಳಿಸು. ಒಂದು ಫೋನು ಒಂದು ಸಲ ಸತ್ತರೆ ನಮ್ಮ ಲ್ಯಾಬಿನಲ್ಲಿ ಅದಕ್ಕೆ ಬೆಲೆಯಿಲ್ಲ. ಅದೇ ಥರ ಮತ್ತೆ ಸಾಯಿಸಿ ತೋರಿಸಬೇಕು, ಆಗಲೇ ಅದು ತೊಂದರೆ ಎನ್ನಿಸಿಕೊಳ್ಳುತ್ತದೆ. ಈ ಬುದ್ಧಿ ಆಫೀಸಿನಲ್ಲೇ ಬಿಟ್ಟು ಬಾ ಎಂದು ನನ್ನ ಗಂಡ ಆಗಾಗ ಕಿಚಾಯಿಸುತ್ತಿದ್ದ. ಸಾರಿಗೆ ಉಪ್ಪು ಸರಿಯಾಗಿದೆಯೇ ಎಂದು ನಾನು ನೋಡುವ ರೀತಿ ಅವನಿಗೆ ಹಿಡಿಸುತ್ತಿರಲಿಲ್ಲ.

೨೦೦೫ರಲ್ಲಿ ಅಣ್ಣನ ಎರಡೂ ಕಿಡ್ನಿಗಳು ಕೈಕೊಟ್ಟವು. ವರ್ಷಗಟ್ಟಲೆ ಬಿ.ಪಿ. ಇತ್ತು, ಗಮನ ಕೊಟ್ಟಿರಲಿಲ್ಲ. ಅವನು ಇದ್ದದ್ದು ಲಾಸ್ ಏಂಜಲಿಸ್ ಕಡೆಯ ವಾಲ್‌ನಟ್‌ನಲ್ಲಿ. ವಾರಕ್ಕೆ ಮೂರು ದಿನ ಡಯಾಲಿಸಿಸ್ಸಿಗೆ ಹೋಗಿ ಬಂದು ಹಿಂಡಿದ ಬಟ್ಟೆಯ ಹಾಗೆ ಸೋಫಾದ ಮೇಲೆ ಬೀಳುತ್ತಿದ್ದ. ಸತ್ತವರ ಕಿಡ್ನಿಗೆ ಕಾಯುವವರ ಸಾಲು ವರ್ಷಗಳಷ್ಟು ಉದ್ದವಿತ್ತು. ಅತ್ತಿಗೆಯ ರಕ್ತದ ಗುಂಪು ಹೊಂದಲಿಲ್ಲ. ನನ್ನದು ಹೊಂದಿತು. ಫೋನಿನಲ್ಲಿ ಅದನ್ನು ಕೇಳಿದ ಗಳಿಗೆಯಲ್ಲೇ ಕೊಡುವುದು ಎಂದು ತೀರ್ಮಾನಿಸಿಬಿಟ್ಟೆ. ಅವನು ನನ್ನ ಅಣ್ಣ, ಅವನು ಬದುಕಬೇಕು. ಇದರಲ್ಲಿ ಇನ್ನೇನು ಯೋಚಿಸಬೇಕೋ ನನಗೆ ಹೊಳೆಯಲಿಲ್ಲ.

ಆಸ್ಪತ್ರೆಯವರಿಗೆ ಹೊಳೆಯಿತು. ದಾನ ಕೊಡುವವರ ಪರವಾಗಿ ಮಾತ್ರ ಮಾತಾಡುವುದಕ್ಕೆ ಅಲ್ಲಿ ಒಬ್ಬ ಹೆಂಗಸಿದ್ದಳು. ನನ್ನನ್ನು ಒಬ್ಬಳನ್ನೇ ಕೂರಿಸಿಕೊಂಡು, ಯಾರಾದರೂ ಒತ್ತಾಯ ಮಾಡುತ್ತಿದ್ದಾರೆಯೇ ಎಂದು ನಾನಾ ಥರದಲ್ಲಿ ಕೇಳಿದಳು. ಕಡೆಯ ನಿಮಿಷದವರೆಗೂ ನಾನು ಬೇಡವೆನ್ನಬಹುದು, ಹಾಗೆಂದರೆ ಅಣ್ಣನಿಗೆ ಕಾರಣ ತಿಳಿಸುವುದಿಲ್ಲ, ನಾನು ದಾನಕ್ಕೆ ಹೊಂದುವುದಿಲ್ಲ ಎಂದಷ್ಟೇ ಹೇಳುತ್ತೇವೆ ಎಂದಳು. ಇಷ್ಟು ಮರ್ಯಾದೆಯಿಂದ ಜಾರಿಕೊಳ್ಳುವ ದಾರಿಯನ್ನು ನಾನು ಎಲ್ಲಿಯೂ ಕಂಡಿರಲಿಲ್ಲ. ಕೊನೆಯಲ್ಲಿ ಅವಳು, ನಿಮ್ಮ ಒಳಮನಸ್ಸು ಏನು ಹೇಳುತ್ತಿದೆ ಎಂದು ಮೆಲ್ಲಗೆ ಕೇಳಿದಳು.

"ಒಳಮನಸ್ಸು ಹೆದರಿದೆ. ನಾನು ನಿರ್ಧಾರ ಮಾಡಿ ಆಗಿದೆ" ಎಂದೆ.

ಮರುವರ್ಷದ ಜನವರಿಯಲ್ಲಿ ಅಮ್ಮ ಮೈಸೂರಿನಿಂದ ಬಂದಳು. ಆಪರೇಷನ್ನಿಗೆ ಇನ್ನೂ ಸ್ವಲ್ಪ ದಿನವಿತ್ತು. ಅಷ್ಟರಲ್ಲಿ ನಮ್ಮ ಮನೆಯಲ್ಲಿದ್ದು ಚಳಿಗೆ, ಊಟಕ್ಕೆ ಹೊಂದಿಕೊಳ್ಳಲಿ, ಆಮೇಲೆ ಎರಡೂ ಮನೆಯ ಅಡುಗೆ ಅವಳೇ ನೋಡಿಕೊಳ್ಳಲಿ ಎಂಬುದು ನಮ್ಮ ಲೆಕ್ಕಾಚಾರ. ವಿಷಯವನ್ನು ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದೆವು. ಎದುರಿಗೆ ಕೂತು ಪೂರ್ತಿ ಹೇಳಿದಾಗ ಅವಳು ಎದ್ದು ಪಾತ್ರೆ ತೊಳೆಯಲು ಹೋದಳು. ಮಾರನೆಯ ದಿನ ನಾನು ಆಫೀಸಿಗೆ ಹೋದ ಮೇಲೆ ಹೂ ಕೇಳಿದಳು.

ಹೂ ಕೇಳುವುದು ನಮ್ಮಲ್ಲಿ ಹಳೆಯ ಪದ್ಧತಿ. ದೇವರ ಪಟದ ಮೇಲೆ ಬಲಕ್ಕೊಂದು ಎಡಕ್ಕೊಂದು ಒದ್ದೆ ಹೂವಿಟ್ಟು, ಮನಸ್ಸಿನಲ್ಲಿರುವುದನ್ನು ಕೇಳಿಕೊಂಡು ಕಾಯಬೇಕು. ಬಲಗಡೆಯ ಹೂವು ಮೊದಲು ಬಿದ್ದರೆ ಆಗಲಿ ಎಂದರ್ಥ, ಎಡಗಡೆಯದು ಬಿದ್ದರೆ ಬೇಡ. ನಮ್ಮ ಮನೆಯಲ್ಲಿ ದೇವರಿಗೆ ಪ್ರತ್ಯೇಕ ಕೋಣೆ ಎಲ್ಲಿಂದ ಬರಬೇಕು? ಅಡುಗೆಮನೆ ಪಕ್ಕದಲ್ಲಿ ಟವೆಲ್ಲು, ಹೊದಿಕೆ ಇಡುವುದಕ್ಕೆಂದು ಕಟ್ಟಿದ್ದ ಕ್ಲಾಸೆಟ್ಟಿನ ಬಾಗಿಲು ಕಿತ್ತು, ಅದರೊಳಗೆ ಪಟಗಳನ್ನು ಇಟ್ಟಿದ್ದೆವು. ಅಂಗಡಿಯಿಂದ ತಂದ ಹಳದಿ ಸೇವಂತಿಗೆಯ ಕಟ್ಟಿನಿಂದ ಎರಡು ಹೂವು ಕಿತ್ತು ಅಮ್ಮ ಅಲ್ಲಿ ಕೇಳಿದ್ದಳು.

ನಾನು ಆಫೀಸಿನಿಂದ ಮನೆಗೆ ಬಂದು ಶೂ ಬಿಚ್ಚುತ್ತಿದ್ದಾಗ ಅಣ್ಣನ ಫೋನು ಬಂತು.

"ನಿನ್ನ ಕಿಡ್ನಿ ಬೇಡ ಕಣೆ. ನಾನು ಲಿಸ್ಟಲ್ಲೇ ವೇಟ್ ಮಾಡ್ತೀನಿ."

"ಯಾಕೋ? ಏನಾಯ್ತು?"

"ಅಮ್ಮ ಹೂ ಕೇಳಿದ್ಲು. ಎಡಕ್ಕೆ ಬಿತ್ತಂತೆ. ಮತ್ತೆ ಮತ್ತೆ ಕೇಳಿದ್ರೂ ಎಡಕ್ಕೇ."

"ಅಣ್ಣ, ನೀನು ಇಂಜಿನಿಯರ್ ಅಲ್ವೇನೋ?"

"ಅಪ್ಪನಿಗೂ ಹಿಂಗೇ ಹೇಳಿದ್ಲಲ್ವಾ? ಅಪ್ಪ ಕೇಳಲಿಲ್ಲ. ನಿಂಗೇನಾದ್ರೂ ಆಗಿಬಿಟ್ರೆ ಆ ಕಿಡ್ನಿ ಇಟ್ಕೊಂಡು ನಾನು ಹೆಂಗೆ ಬದುಕ್ಲಿ, ಹೇಳು."

ಫೋನ್ ಇಟ್ಟುಬಿಟ್ಟ. ನನಗೆ ಮೈಯೆಲ್ಲ ಉರಿಯಿತು. ಅಮ್ಮ ಒಲೆಯ ಮುಂದೆ ನಿಂತು ಏನೂ ಆಗಿಲ್ಲವೆಂಬಂತೆ ಸಾರು ತಿರುವುತ್ತಿದ್ದಳು. ನಾನು ಕೂಗಾಡಿದೆ. ಅವಳು ತಿರುಗಿ ನೋಡಲಿಲ್ಲ. "ದೇವರು ಬೇಡ ಅಂದ. ನಂಗೂ ಹೊಟ್ಟೇಲಿ ಒಂಥರಾ ಆಗ್ತಿದೆ. ನಾನೇನು ಮಾಡ್ಲಿ?" ಎಂದಳು.

ಆ ಶನಿವಾರ ಬೆಳಗ್ಗೆ ಕಾಫಿ ಹಿಡಿದು ಕ್ಲಾಸೆಟ್ಟಿನ ಎದುರು ನಿಂತಿದ್ದೆ. ಅಮ್ಮ ಹಚ್ಚಿದ್ದ ಊದುಬತ್ತಿಯ ಹೊಗೆ ನೆಟ್ಟಗೆ ಮೇಲೇರುತ್ತಿತ್ತು. ಹೀಟರ್ ಟಪ್ಪೆಂದು ಶುರುವಾದದ್ದೇ ತಡ, ಹೊಗೆಯೆಲ್ಲ ಎಡಕ್ಕೆ ವಾಲಿತು. ತಲೆಯೆತ್ತಿ ನೋಡಿದೆ. ಬಲಗಡೆ ಗೋಡೆಯ ಮೇಲೆ, ಪಟಕ್ಕಿಂತ ಒಂದು ಗೇಣು ಎತ್ತರದಲ್ಲಿ, ಬಿಸಿಗಾಳಿ ಬರುವ ಜಾಲರಿ. ಗಾಳಿ ಬಲಗಡೆಯ ಹೂವಿನ ಮೇಲಿಂದ ಹಾದು ನೇರ ಎಡಗಡೆಯದಕ್ಕೇ ಬಡಿಯುವಂತಿತ್ತು. ಇಷ್ಟು ವರ್ಷ ಅದೇ ಮನೆಯಲ್ಲಿದ್ದೂ ಅದನ್ನು ಲಕ್ಷ್ಯಕ್ಕೆ ತಂದುಕೊಂಡಿರಲಿಲ್ಲ. ನನಗೆ ಎಷ್ಟು ಖುಷಿಯಾಯಿತೆಂದರೆ ಕಾಫಿ ಅಲ್ಲೇ ಇಟ್ಟು ಮನೆಮಂದಿಯನ್ನೆಲ್ಲ ಕೂಗಿ ಕರೆದೆ.

ಹೂವಿಟ್ಟೆ. ಹೀಟರ್ ಹಾಕಿದೆ, ಎಡಗಡೆಯದು ಬಿತ್ತು. ಮತ್ತೆ ಇಟ್ಟೆ, ಮತ್ತೆ ಎಡಗಡೆಯದೇ. ಮಗಳು ಬೆಳಗ್ಗೆ ಹಾಲಿಗೆ ಹಾಕಿಕೊಂಡು ತಿನ್ನುವ ಸೀರಿಯಲ್ಲಿನ ಡಬ್ಬದ ರಟ್ಟು ಹರಿದು ಜಾಲರಿಗೆ ಟೇಪು ಹಾಕಿ ಅಂಟಿಸಿದೆ. ಮತ್ತೆ ಹೂವಿಟ್ಟೆ. ಈ ಸಲ ಯಾವ ಹೂವೂ ಬೀಳಲಿಲ್ಲ. ಎಲ್ಲರೂ ಕಾದೆವು. ಒಲೆಯ ಮೇಲಿನ ಹಾಲು ಉಕ್ಕಿ ಹೋಯಿತು, ಹೂವು ಅಲ್ಲಾಡಲಿಲ್ಲ.

"ಗಾಡ್ ಈಸ್ ಥಿಂಕಿಂಗ್" ಎಂದಳು ಮಗಳು. ನನ್ನ ಗಂಡ ನಗು ತಡೆಯಲಾರದೆ ಗ್ಯಾರೇಜಿಗೆ ಹೋದ.

ಅಮ್ಮನ ಮುಖ ಕೆಂಪಾಗಿತ್ತು. "ದೇವರ ಬಾಯಿಗೆ ರಟ್ಟು ಅಂಟಿಸಿದ್ದೀಯಲ್ಲೇ, ಅವನು ಹೇಗೆ ಮಾತಾಡ್ತಾನೆ?"

ಗೆದ್ದೆ ಎಂಬ ಗತ್ತಿನಲ್ಲೇ ಅಣ್ಣನಿಗೆ ಫೋನ್ ಮಾಡಿ ಜಾಲರಿಯ ಕಥೆಯನ್ನೆಲ್ಲ ಹೇಳಿದೆ. ಅವನು ಸಮಾಧಾನವಾಗಿ ಕೇಳಿಸಿಕೊಂಡ. ಆಮೇಲೆ, "ಹೂವಿನ ಮಾತು ಬಿಡು. ಅಮ್ಮನಿಗೆ ಒಳಗೆ ಏನೋ ಅನ್ನಿಸ್ತಿದೆ. ಅದಕ್ಕೆಲ್ಲಿ ರಟ್ಟು ಅಂಟಿಸ್ತೀಯ?" ಎಂದ.

ಅವನ ದನಿ ಅಷ್ಟು ಸಣ್ಣಗಾಗಿತ್ತು, ಜೀವವಿಲ್ಲದ ದನಿ. ಹೂವು ಬೀಳಲಿ ಬಿಡಲಿ, ಸೋಮವಾರ ಅವನು ಮತ್ತೆ ಆ ಯಂತ್ರದ ಪಕ್ಕ ಮಲಗಬೇಕು, ಬುಧವಾರ ಮತ್ತೆ. ಹಾಗೆ ಮಲಗಿ ಮಲಗಿ, ಕಾಯುತ್ತ ಕಾಯುತ್ತ, ಒಂದು ದಿನ ಕಾಯುವುದಕ್ಕೂ ಅವನೇ ಇಲ್ಲದಂತಾದರೆ ಎಂಬ ಯೋಚನೆ ಬಂತು. ಮುನ್ಸೂಚನೆ ಅಂದರೆ ಅದೂ ಮುನ್ಸೂಚನೆಯೇ. ನನಗೆ ಬಂದದ್ದನ್ನು ಕೇಳುವವರು ಮಾತ್ರ ಯಾರೂ ಇರಲಿಲ್ಲ.

ಎರಡು ದಿನ ಅಮ್ಮನೂ ನಾನೂ ಊಟ ಆಯಿತಾ ಎನ್ನುವಷ್ಟೇ ಮಾತಾಡಿಕೊಂಡೆವು. ಸೋಮವಾರ ನಾನು ರಜೆ ಹಾಕಿ ಮನೆಯಲ್ಲಿದ್ದೆ. ಅಮ್ಮ ಊಟದ ಟೇಬಲ್ಲಿನ ಮುಂದೆ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು. ನಾನೂ ಎದುರಿಗೆ ಕೂತು ಒಂದು ಹಿಡಿ ಕಾಯಿ ಎಳೆದುಕೊಂಡೆ. ಜಗಳವಾಡುವ ಮನಸ್ಸಿರಲಿಲ್ಲ. ಲ್ಯಾಬಿನಲ್ಲಿ ಕೇಳುವ ಹಾಗೆ ಕೇಳಿದೆ.

"ಅಮ್ಮ, ಅವತ್ತು ನೀನು ಹೋಗಬೇಡಿ ಅಂದಾಗ ಅಪ್ಪ ಏನಂದ್ರು?"

"ಯಾಕೆ ಈಗ ಅದೆಲ್ಲ?"

"ಸುಮ್ಮನೆ ಹೋಗೋರಲ್ಲ ಅಪ್ಪ. ಒಂದು ಮಾತಾದ್ರೂ ತಮಾಷೆ ಮಾಡಿಯೇ ಹೋಗೋರು. ಏನಂದ್ರು?"

ಅಮ್ಮ ಕೈಯಲ್ಲಿದ್ದ ಕಾಯಿಯನ್ನು ಮುರಿದಳು. ಮುರಿದದ್ದನ್ನೇ ಮತ್ತೆ ಮುರಿದಳು. ಕಾಯಿ ಚೂರು ಚೂರಾಯಿತು.

"ಏನೂ ಅನ್ಲಿಲ್ಲ" ಎಂದಳು. "ನಾನೂ ಏನೂ ಅಂದಿರಲಿಲ್ಲ."

ನಾನು ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟೆ.

"ಅವತ್ತು ನಂಗೆ ಏನೂ ಅನ್ನಿಸಿರಲಿಲ್ಲ ಕಣೇ. ಕಣ್ಣೂ ಅದುರಿರಲಿಲ್ಲ. ಡಬ್ಬಿಗೆ ಚಿತ್ರಾನ್ನ ಹಾಕಿ ಕಳಿಸಿದೆ. ಆಮೇಲೆ ರೇಡಿಯೋ ಹಾಕ್ಕೊಂಡು ಬಟ್ಟೆ ಒಗೀತಾ ಕೂತೆ. ಜೊತೇಲಿ ಹಾಡು ಬೇರೆ ಹೇಳ್ತಿದ್ದೆ. ಅದೇ ಹೊತ್ತಿಗೆ ಅಲ್ಲಿ ಅವರು..." ಸೆರಗಿನಿಂದ ಮೂಗೊರೆಸಿಕೊಂಡಳು. "ಅವರನ್ನ ತಂದು ಮಲಗಿಸಿದ ಮೇಲೆ ನಿಮ್ಮ ಸೋದರತ್ತೆ ಕೇಳಿದ್ರು, ನಿಂಗೇನೂ ಅನ್ನಿಸಲೇ ಇಲ್ವೇನೇ ಅಂತ. ಎಲ್ರೂ ನನ್ನೇ ನೋಡ್ತಿದ್ರು. ಗಂಡ ಸಾಯ್ತಿರುವಾಗ ಏನೂ ಅನ್ನಿಸ್ದೆ ಹಾಡು ಹೇಳ್ತಿದ್ದೆ ಅಂತ ಹೇಳ್ಲಾ? ಬಲಗಣ್ಣು ಅದುರ್ತಿತ್ತು ಅಂದೆ. ಎಲ್ರೂ ಹೌದು ಹೌದು ಅಂದ್ರು. ಆಮೇಲೆ ಅದನ್ನ ವಾಪಸ್ ತಗೊಳ್ಳೋಕೆ ಆಗಲಿಲ್ಲ."

"ಈಗ?"

"ಈಗಲೂ ಏನೂ ಗೊತ್ತಾಗ್ತಿಲ್ಲ. ಅದಕ್ಕೇ ಭಯ. ಇಬ್ರೂ ಒಂದೇ ದಿನ ಒಳಗೆ ಹೋಗ್ತೀರಿ. ನಾನು ಹೊರಗೆ ಕೂತಿರ್ಬೇಕು. ಒಳಗೆ ಏನಾಗ್ತಿದ್ರೂ ನಂಗೆ ಗೊತ್ತಾಗಲ್ಲ. ಅವತ್ತಿನ ಹಾಗೇ."

ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಎದ್ದು ಹೋಗಿ ಅವಳ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡು ನಿಂತೆ. ಎಷ್ಟು ವರ್ಷ ಒಬ್ಬಳೇ ಹೊತ್ತಿದ್ದಳು ಆ ಹಾಡನ್ನು. ಅವಳ ಮೇಲೆ ಬಂದಷ್ಟು ಪ್ರೀತಿ ನನಗೆ ಅದಕ್ಕಿಂತ ಮುಂಚೆ ಎಂದೂ ಬಂದಿರಲಿಲ್ಲ. ಆದರೂ ಹಠ ಬಿಡಲಿಲ್ಲ.

"ಇದನ್ನ ಅಣ್ಣನಿಗೆ ಹೇಳ್ಬೇಕು ನೀನು."

ಅವಳು ಆಗುವುದಿಲ್ಲ ಎಂದು ತಲೆಯಾಡಿಸಿದಳು. ನಾನು ಮತ್ತೆ ಹೇಳಿದೆ. ಉಳಿದ ಕಾಯಿಯನ್ನೆಲ್ಲ ಪಾತ್ರೆಗೆ ತುಂಬಿಟ್ಟು, "ಫೋನಲ್ಲಿ ಆಗಲ್ಲ. ಕರ್ಕೊಂಡು ಹೋಗು" ಎಂದಳು.

ಮಗಳನ್ನು ಸ್ಕೂಲಿನಿಂದ ಕರೆದುಕೊಂಡು ಬರುವಂತೆ ಗಂಡನಿಗೆ ಹೇಳಿ ಆಗಲೇ ಹೊರಟೆವು. ಹದಿನೈದನೇ ನಂಬರ್ ಫ್ರೀವೇಯಲ್ಲಿ ಉತ್ತರಕ್ಕೆ. ಟೆಮೆಕ್ಯುಲಾ ಊರಿನ ಹತ್ತಿರ ಅಮ್ಮ, "ವಾಪಸ್ ಹೋಗೋಣ ಕಣೇ, ಇನ್ನೊಂದಿನ ಹೇಳಿದ್ರಾಯ್ತು" ಎಂದಳು. ಈಗ ಇಳಿದು ತಿರುಗಿಸುವುದಕ್ಕೆ ಎಕ್ಸಿಟ್ ಇಲ್ಲ ಎಂದು ಸುಳ್ಳು ಹೇಳಿದೆ. ನಮ್ಮ ಬಲಕ್ಕೆ ಎಕ್ಸಿಟ್ ಬೋರ್ಡುಗಳು ಒಂದಾದ ಮೇಲೊಂದು ಹಿಂದೆ ಸರಿಯುತ್ತಿದ್ದವು. ಇಂಗ್ಲಿಷ್ ಓದಲು ಬರುತ್ತಿದ್ದ ಅಮ್ಮನಿಗೆ ಅವೆಲ್ಲ ಕಾಣುತ್ತಿದ್ದವು. ಅವಳು ಮತ್ತೆ ಕೇಳಲಿಲ್ಲ.

ಅಣ್ಣ ಡಯಾಲಿಸಿಸ್ ಮುಗಿಸಿ ಬಂದು ಸೋಫಾದ ಮೇಲೆ ಮಲಗಿದ್ದ. ನಮ್ಮನ್ನು ನೋಡಿ ಗಾಬರಿಯಿಂದ ಏಳಲು ಹೋದ. ಅಮ್ಮ ಸ್ವೆಟರ್ ಕೂಡ ಬಿಚ್ಚದೆ ಅವನ ಮುಂದೆ ನಿಂತುಕೊಂಡೇ ಎಲ್ಲ ಹೇಳಿದಳು. ಚಿತ್ರಾನ್ನ, ರೇಡಿಯೋ, ಹಾಡು, ಸೋದರತ್ತೆ. ಒಂದನ್ನೂ ಬಿಡಲಿಲ್ಲ. ಅಡುಗೆಮನೆ ಬಾಗಿಲಲ್ಲಿ ಅತ್ತಿಗೆ ನಿಂತಿದ್ದಳು. ಸೊಸೆಯ ಮುಂದೆ ಹೇಳಬೇಕಾಯಿತಲ್ಲ ಎಂದು ನನಗೆ ಸಂಕಟವಾಯಿತು. ಅಮ್ಮ ಅದನ್ನೂ ಲೆಕ್ಕಿಸಲಿಲ್ಲ.

ಅಣ್ಣ ಸೋಫಾದ ಮೇಲೆ ಎದ್ದು ಕೂತ. ಆಮೇಲೆ ಕೇಳಿದ, "ಮತ್ತೆ ನನ್ನ ಮದುವೆಗೆ ಮುಂಚೆ ಹಾಸನದ ಹುಡುಗಿಯ ಸಂಬಂಧ ಬಂದಿತ್ತಲ್ಲ, ಮನಸ್ಸು ಯಾಕೋ ಬೇಡ ಅಂತಿದೆ ಅಂದ್ಯಲ್ಲ?"

"ಅವಳಮ್ಮ ನಂಗೆ ಹಿಡಿಸ್ಲಿಲ್ಲ" ಎಂದಳು ಅಮ್ಮ.

ಅತ್ತಿಗೆ ಕಿಸಕ್ಕನೆ ನಕ್ಕಳು. ಅಣ್ಣನೂ ನಕ್ಕ. ನಗುತ್ತ ನಗುತ್ತಲೇ ಅವನ ಕಣ್ಣಲ್ಲಿ ನೀರು ಬಂತು. "ಹಂಗಾದ್ರೆ ಏನಾಗುತ್ತೋ ಯಾರಿಗೂ ಗೊತ್ತಿಲ್ವಾ?"

"ಯಾರಿಗೂ ಗೊತ್ತಿಲ್ಲ ಮಗನೇ. ಅವಳು ಕೊಡ್ತಿದಾಳೆ, ತಗೋ."

ಅವನು ನನ್ನ ಕಡೆ ನೋಡಿ ಆಗಲಿ ಎಂದು ತಲೆಯಾಡಿಸಿದ. ಅವತ್ತು ಅಲ್ಲೇ ಊಟ ಮಾಡಿದೆವು. ಅಮ್ಮ ಎರಡು ಸಲ ಅನ್ನ ಹಾಕಿಸಿಕೊಂಡಳು.

ಮನಸ್ಸಿಗೆ ಅನ್ನಿಸುವುದೆಲ್ಲ ಸುಳ್ಳು ಎಂದು ನಾನು ಹೇಳುವುದಿಲ್ಲ. ಲ್ಯಾಬಿನಲ್ಲಿ ಹೊಸ ಫೋನನ್ನು ಕೈಗೆತ್ತಿಕೊಂಡ ಕೂಡಲೇ ಇದು ಕೆಡುತ್ತದೆ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ, ಕೆಟ್ಟಿದೆ. ಮಗಳು ಸ್ಕೂಲಿಂದ ಬಂದು ಬ್ಯಾಗು ಇಳಿಸುವ ರೀತಿ ನೋಡಿಯೇ ಅಮ್ಮ ನಾಳೆ ಜ್ವರ ಎನ್ನುತ್ತಿದ್ದಳು, ಬರುತ್ತಿತ್ತು. ಅದು ಕಣ್ಣಿಗೂ ಕೈಗೂ ಗೊತ್ತಿರುವುದನ್ನು ಬಾಯಿಗಿಂತ ಮೊದಲು ಮನಸ್ಸು ಹೇಳುವುದು. ಆದರೆ ಪ್ರೀತಿಯಿರುವ ಕಡೆ ಭಯ ಬಂದು ಅದೇ ದನಿಯಲ್ಲಿ ಮಾತಾಡುತ್ತದೆ. ಯಾವುದು ಯಾವುದೆಂದು ಬಿಡಿಸುವುದು ನನಗೂ ಬರುವುದಿಲ್ಲ. ಭಯದ ಮಾತನ್ನು ಭವಿಷ್ಯ ಎಂದುಕೊಂಡು ಇನ್ನೊಬ್ಬರ ಬದುಕಿಗೆ ಅಡ್ಡ ಹಾಕಬಾರದು ಎಂಬುದಷ್ಟೇ ನನಗೆ ಗೊತ್ತು.

ಆಪರೇಷನ್ನಿನ ದಿನ ಬೆಳಗ್ಗೆ ನನ್ನ ಬಲಗಣ್ಣು ಅದುರತೊಡಗಿತು. ನಿದ್ದೆಗೆಟ್ಟಿದ್ದೆ, ಕಾಫಿ ಬಿಟ್ಟಿದ್ದೆ, ಕಾರಣಗಳಿಗೇನೂ ಬರವಿರಲಿಲ್ಲ. ಆದರೂ ಹೆದರಿಕೆಯಾಯಿತು, ಇಲ್ಲವೆನ್ನುವುದಿಲ್ಲ. ನೀಲಿ ಗೌನು ಹಾಕಿಕೊಂಡು ಮಲಗಿದ್ದಾಗ ದಾನಿಗಳ ಪರದ ಆ ಹೆಂಗಸು ಮತ್ತೆ ಬಂದಳು. ಮನಸ್ಸು ಬದಲಾಯಿತೇ ಎಂದು ಕಡೆಯ ಸಲ ಕೇಳಿದಳು. ಕಣ್ಣು ಅದುರುತ್ತಲೇ ಇತ್ತು. ಅದುರಿಕೊಳ್ಳಲಿ ಎಂದುಕೊಂಡು, "ಇಲ್ಲ, ಶುರು ಮಾಡಿ" ಎಂದೆ.

ಹೊರಗೆ ಅಮ್ಮ ಹೇಗಿದ್ದಳು ಎಂದು ಆಮೇಲೆ ಗಂಡನನ್ನು ಕೇಳಿದೆ. ಕಣ್ಣು ಮುಚ್ಚಲಿಲ್ಲವಂತೆ, ಜಪ ಮಾಡಲಿಲ್ಲವಂತೆ. ಬಾಗಿಲನ್ನೇ ನೋಡುತ್ತ ಕೂತಿದ್ದಳಂತೆ. ಅತ್ತಿಗೆ ಸೇಬು ಹೆಚ್ಚಿ ಕೊಟ್ಟರೆ ಕೈಯಲ್ಲಿ ಹಿಡಿದುಕೊಂಡೇ ಇದ್ದಳಂತೆ.

ನನಗೆ ಎಚ್ಚರವಾದಾಗ ಹೊಟ್ಟೆಯಲ್ಲಿ ಬೆಂಕಿಯಿಟ್ಟ ಹಾಗೆ ನೋವು. ಅಣ್ಣ ಹೇಗಿದ್ದಾನೆ ಎಂದು ಕೇಳಲಾಗದಷ್ಟು ಬಾಯಿ ಒಣಗಿತ್ತು. ಕಾರಿಡಾರಿನಿಂದಲೇ ಅಮ್ಮನ ದನಿ ಕೇಳಿತು, ಇಡೀ ವಾರ್ಡಿಗೆ ಕೇಳಿಸುವ ಹಾಗೆ. "ಬರ್ತಿದೆ ಕಣೇ! ಚೀಲ ತುಂಬ್ತಿದೆ! ನಿನ್ನ ಕಿಡ್ನಿ ಕೂತ ತಕ್ಷಣ ಕೆಲಸ ಶುರು ಮಾಡ್ತಂತೆ!" ಮೂತ್ರದ ಚೀಲದ ಬಗ್ಗೆ ಯಾರಾದರೂ ಅಷ್ಟು ಸಂತೋಷದಿಂದ ಮಾತಾಡಿದ್ದನ್ನು ನಾನು ಮತ್ತೆಂದೂ ಕೇಳಿಲ್ಲ.

ಮಾರನೆಯ ದಿನ ಸಲೈನ್ ಕಂಬ ಹಿಡಿದುಕೊಂಡು, ಹೆಜ್ಜೆಗೊಂದು ಸಲ ನಿಂತು, ಅಣ್ಣನ ರೂಮಿಗೆ ನಡೆದುಕೊಂಡು ಹೋದೆ. ಅವನ ಮುಖದ ಬೂದಿಬಣ್ಣ ಹೋಗಿತ್ತು. ಪಕ್ಕದಲ್ಲಿ ಅಮ್ಮ ಕೂತಿದ್ದಳು. ಟ್ರೇಯ ಮೇಲೆ ದೊಡ್ಡ ಜಗ್ಗಿನ ತುಂಬ ನೀರಿತ್ತು. ಡಯಾಲಿಸಿಸ್ ಇದ್ದಷ್ಟು ಕಾಲ ಅವನು ನೀರನ್ನು ಔಷಧಿಯ ಹಾಗೆ ಅಳೆದು ಕುಡಿದಿದ್ದ. ಬೇಸಿಗೆಯಲ್ಲೂ ಐಸ್ ಚೂರು ಚೀಪಿ ಗಂಟಲು ಒದ್ದೆ ಮಾಡಿಕೊಂಡಿದ್ದ. ಈಗ ಜಗ್ಗು ಖಾಲಿ ಮಾಡಬೇಕೆಂದು ನರ್ಸ್ ಹೇಳಿ ಹೋಗಿದ್ದಳು. ಅವನು ತುಂಬಿದ ಲೋಟ ಹಿಡಿದುಕೊಂಡು, ಕುಡಿಯಲು ಧೈರ್ಯ ಸಾಲದೆ ಕೂತಿದ್ದ.

ಈ ಕಿಡ್ನಿ ಎಷ್ಟು ವರ್ಷ ಬಾಳುತ್ತದೆಂದು ಡಾಕ್ಟರನ್ನು ಕೇಳಿದ್ದನಂತೆ. ಹೇಳುವುದಕ್ಕಾಗುವುದಿಲ್ಲ ಎಂದಿದ್ದರಂತೆ. ನನ್ನನ್ನು ನೋಡಿದ. ಆಮೇಲೆ, ಚಿಕ್ಕಂದಿನಿಂದ ರೂಢಿಯಾದ ಹಾಗೆ, ಅಮ್ಮನ ಕಡೆ ತಿರುಗಿದ.

"ಎಷ್ಟು ವರ್ಷ ಬರುತ್ತೆ ಅನ್ನಿಸುತ್ತಮ್ಮ ನಿಂಗೆ?"

"ಗೊತ್ತಿಲ್ಲ" ಎಂದಳು ಅಮ್ಮ. "ನೀರು ಕುಡಿ."

ಅಣ್ಣ ಲೋಟ ಎತ್ತಿ ಪೂರ್ತಿ ಕುಡಿದ. ಅಮ್ಮ ಜಗ್ಗು ಬಗ್ಗಿಸಿ ಮತ್ತೆ ತುಂಬಿಸಿದಳು.